ಮರುನಾಡಿನ ಉದ್ಯಾನದಲ್ಲಿ ಒಂದು ಧರ್ಮಚಿಂತನೆ

ಉದ್ಯಾನವನ್ನು ನೋಡಿ ಸಂತೋಷಪಡುವುದರಲ್ಲಿ ಧರ್ಮಾಧರ್ಮಗಳ ವಿಚಾರವೇನಿದೆ ಎಂದು ಯಾರಾದರೂ ಕೇಳಬಹುದು. ಮಲೆನಾಡಿನಲ್ಲಿಯೋ ಕಾವೇರಿಯ ದಡದಲ್ಲಿಯೋ ನಿಂತು ಹಾಗೆ ಕೇಳುವುದು ಸಹಜವೇ. ಆದರೆ ವರ್ಷಕ್ಕೆ ಸರಾಸರಿ ಸುಮಾರು 36 ಸೆಂಟಿಮೀಟರ್ ಮಳೆಯನ್ನಷ್ಟೇ ಕಾಣುವ ಜೋಧಪುರದಲ್ಲಿ, ಹಸುರು ಹುಲ್ಲಿನ ಅಂಚಿನಲ್ಲಿ ನಿಂತಾಗ, ಪ್ರಶ್ನೆ ಬೇರೊಂದು ರೂಪವನ್ನು ತಾಳುತ್ತದೆ. ಈ ಹಸುರಿಗೆ ನೀರು ಎಲ್ಲಿಂದ ಬಂತು? ಅದು ಯಾರ ಪಾಲಿನ ನೀರು? ನೋಡಿ ಆನಂದಿಸುವ ನನಗೆ ಆ ಲೆಕ್ಕದಲ್ಲಿ ಹೊಣೆಯಿಲ್ಲವೇ?

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಮುಂಜಾನೆ, ನಾನು ಮಂಡೋರದ ಉದ್ಯಾನಕ್ಕೆ ಹೋಗಿದ್ದೆ. 1459ರಲ್ಲಿ ರಾವ್ ಜೋಧಾ ಹೊಸ ನಗರವನ್ನು ಸ್ಥಾಪಿಸುವವರೆಗೆ ಮಂಡೋರವೇ ಮಾರವಾಡದ ರಾಜಧಾನಿಯಾಗಿತ್ತು. ಅರಸರ ಸ್ಮಾರಕಗಳಾದ ಕೆಂಪುಕಲ್ಲಿನ ದೇಗುಲಗಳು ಮರಗಳ ನಡುವೆ ಇಂದಿಗೂ ನಿಂತಿವೆ. ಅವುಗಳ ಮೆಟ್ಟಿಲ ಮೇಲೆ ಬುತ್ತಿಯ ಗಂಟನ್ನು ಬಿಚ್ಚಿ ಕುಳಿತ ಸಂಸಾರಗಳು, ಸಾಲಾಗಿ ನಡೆಯುವ ಶಾಲೆಯ ಮಕ್ಕಳು, ಕೊಂಬೆಯಿಂದ ಕೊಂಬೆಗೆ ಹಾರುವ ಮುಸುವಗಳು. ನಾನು ನಲ್ಲಿಯಲ್ಲಿ ಕಾಲು ತೊಳೆಯುತ್ತ, ಜೊತೆಗೆ ಬಂದಿದ್ದ ಮಿತ್ರರೊಡನೆ ಶಿಲ್ಪಗಳ ಸೊಬಗನ್ನು ವರ್ಣಿಸುತ್ತಿದ್ದೆ. ಕಾಲು ತೊಳೆದಾಗಿತ್ತು, ಮಾತು ಮುಗಿದಿರಲಿಲ್ಲ, ನೀರು ಹರಿಯುತ್ತಲೇ ಇತ್ತು. ಕಸ ಗುಡಿಸುತ್ತಿದ್ದ ವೃದ್ಧೆಯೊಬ್ಬರು ಬಂದು ನಲ್ಲಿಯನ್ನು ನಿಲ್ಲಿಸಿದರು. ಅನಂತರ ಕಲ್ಲಿನ ಮೇಲೆ ನಿಂತಿದ್ದ ನೀರನ್ನು ತಮ್ಮ ಪೊರಕೆಯಿಂದಲೇ ಪಕ್ಕದ ಮರದ ಬುಡಕ್ಕೆ ತಳ್ಳಿದರು. ನನ್ನನ್ನು ಗದರಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಮತ್ತೆ ತಮ್ಮ ಕೆಲಸಕ್ಕೆ ಹೋದರು.

ನಮ್ಮ ಶ್ರಾವಕಾಚಾರದಲ್ಲಿ ಅನರ್ಥದಂಡವಿರತಿ ಎಂಬ ಗುಣವ್ರತವೊಂದಿದೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಸಸ್ಯಗಳನ್ನು ಕಡಿಯುವುದು ಪ್ರಮಾದಚರ್ಯೆ ಎಂದು ಎಳೆಯ ವಯಸ್ಸಿನಲ್ಲಿಯೇ ಕಲಿತಿದ್ದೆ. ಕಲಿತದ್ದು ನಾಲಗೆಯ ಮೇಲಿತ್ತು, ಕೈಗೆ ಇಳಿದಿರಲಿಲ್ಲ. ಆ ವೃದ್ಧೆ ಯಾವ ಗ್ರಂಥವನ್ನು ಓದಿದ್ದರೋ ತಿಳಿಯೆ. ಅವರಲ್ಲಿ ಅದು ಕೈಯ ಅಭ್ಯಾಸವಾಗಿತ್ತು.

ಹಾಗಾದರೆ ಮರುಭೂಮಿಯಲ್ಲಿ ಉದ್ಯಾನವೇ ಒಂದು ಅನರ್ಥದಂಡವಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಇಂದು ಜೋಧಪುರವು ಕುಡಿಯುವ ನೀರು ಬಹುಮಟ್ಟಿಗೆ ಪಂಜಾಬಿನದು. ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಹರಿಕೆಯಲ್ಲಿ ಹೊರಟ ನೀರು, ಇಂದಿರಾಗಾಂಧಿ ಕಾಲುವೆಯಲ್ಲಿ ಹರಿದು, ಯಂತ್ರಗಳಿಂದ ಮೇಲೆತ್ತಲ್ಪಟ್ಟು, ಕಾಯಲಾನಾ ಕೆರೆಯನ್ನು ಸೇರುತ್ತದೆ. ಅಷ್ಟು ದೂರದಿಂದ ಬಂದ ನೀರನ್ನು ಹೂವಿಗೆ ಹಾಯಿಸುವುದು ಸರಿಯೇ? ನನಗೆ ತೋಚುವ ಉತ್ತರ ಇಷ್ಟು. ಸಿರಿವಂತನಿಗೆ ಮನೆಯಂಗಳದಲ್ಲಿಯೇ ನೆರಳಿದೆ. ಸಾರ್ವಜನಿಕ ಉದ್ಯಾನವು ಅಂಗಳವಿಲ್ಲದವನ ಅಂಗಳ. ಅರಸರ ಪರಿಗ್ರಹವಾಗಿದ್ದ ಭೂಮಿಯಲ್ಲಿ ಇಂದು ಕೂಲಿಯವನ ಮಗು ಆಡುತ್ತಿರುವುದು ಸಣ್ಣ ಸಂಗತಿಯಲ್ಲ. ಆದುದರಿಂದ ದೋಷವು ಉದ್ಯಾನದಲ್ಲಿಲ್ಲ, ಅದರ ಮಿತಿಯನ್ನು ಮರೆಯುವುದರಲ್ಲಿದೆ. ನೆರಳು ಕೊಡುವ ಮರಕ್ಕೆ ಎರೆದ ನೀರಿಗೆ ಅರ್ಥವಿದೆ. ಪರದೇಶದ ತೋಟಗಳನ್ನು ಹೋಲಲೆಂದು, ನಡುಬೇಸಿಗೆಯಲ್ಲಿ ಹುಲ್ಲುಹಾಸಿಗೆ ಸುರಿದ ನೀರಿಗೆ ಅರ್ಥ ಹುಡುಕುವುದು ಕಷ್ಟ. ಸುಲಭವಾಗಿ ಬಂದ ನೀರು ವಿವೇಕವನ್ನು ತರಲಿಲ್ಲವೆಂಬುದಕ್ಕೆ ಅದೇ ನಗರ ಸಾಕ್ಷಿ: ಕಾಲುವೆಯ ನೀರು ಬಂದ ಮೇಲೆ ಹಳೆಯ ಬಾವಿಗಳಿಂದ ಸೇದುವುದು ನಿಂತು, ಅಂತರ್ಜಲವು ಮೇಲೇರಿ, ಒಣನಾಡಿನ ನೆಲಮಾಳಿಗೆಗಳಲ್ಲಿ ನೀರು ಒಸರತೊಡಗಿತು.

ಮೆಹರಾನಗಢ ಕೋಟೆಯ ಬುಡದಲ್ಲಿ ಇನ್ನೊಂದು ಬಗೆಯ ಉದ್ಯಾನವಿದೆ. ಸುಮಾರು 70 ಹೆಕ್ಟೇರ್ ಬಂಡೆನೆಲದ ಈ ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನದ ಕೆಲಸ 2006ರಲ್ಲಿ ಆರಂಭವಾಯಿತು. ಇಲ್ಲಿ ಹುಲ್ಲುಹಾಸಿಲ್ಲ, ಆ ನೆಲಕ್ಕೇ ಸೇರಿದ ಥೋರ್, ಕುಮಟ್, ಕೇರ್, ರೋಹಿಡಾಗಳಿವೆ. ಅವುಗಳ ಸ್ಥಾನವನ್ನು ಮೊದಲು ಆಕ್ರಮಿಸಿದ್ದುದು ಮಧ್ಯ ಅಮೆರಿಕದ ಕಡೆಯಿಂದ ತಂದ ಒಂದು ಮುಳ್ಳುಜಾಲಿ. ನಮ್ಮ ಬಯಲುಸೀಮೆಯವರು ಅದನ್ನು ಚೆನ್ನಾಗಿ ಬಲ್ಲರು: ಅದೇ ಬಳ್ಳಾರಿ ಜಾಲಿ. 1930ರ ದಶಕದಲ್ಲಿ ಮಾರವಾಡವನ್ನು ಹಸುರಾಗಿಸಬೇಕೆಂಬ ಸದಾಶಯದಿಂದ ಅದರ ಬೀಜವನ್ನು ಬಿತ್ತರಿಸಿದರಂತೆ. ಹಸುರೇನೋ ಬಂತು, ಅದರಡಿಯಲ್ಲಿ ಬೇರೆ ಗಿಡಗಳು ಮೇಲೇಳಲಾರದೆ ಹೋದವು. ಕಡಿದರೆ ಮತ್ತೆ ಚಿಗುರುವ ಆ ಗಿಡವನ್ನು, ಕಲ್ಲು ಒಡೆಯುವ ಕುಲಕಸುಬಿನವರು ಬಂಡೆಯನ್ನು ಕೊರೆದು ಬೇರುಸಹಿತ ತೆಗೆಯಬೇಕಾಯಿತು.

ಇಲ್ಲಿ ಅಹಿಂಸೆಯನ್ನು ನಂಬಿದವನ ಮನಸ್ಸು ಅಳುಕುತ್ತದೆ. ಜಾಲಿಯೂ ಏಕೇಂದ್ರಿಯ ಜೀವವೇ. ತಾನಾಗಿ ಅದು ಸಮುದ್ರವನ್ನು ದಾಟಿ ಬರಲಿಲ್ಲ, ಮನುಷ್ಯನೇ ತಂದ. ಒಂದು ಜೀವವನ್ನು ತೆಗೆದು ಇನ್ನೊಂದಕ್ಕೆ ಎಡೆ ಮಾಡುವ ಅಧಿಕಾರ ನಮಗೆ ಎಲ್ಲಿಯದು? ಇದನ್ನು ಪುಣ್ಯಕಾರ್ಯವೆಂದು ಕರೆಯಲು ನಾನು ಸಿದ್ಧನಿಲ್ಲ. ಹಾಗೆಂದು ಕೈಕಟ್ಟಿ ಕೂಡುವುದು ಅಹಿಂಸೆಯೆಂದೂ ಹೇಳಲಾರೆ. ಬಿತ್ತಿದವನು ಸುಮ್ಮನೆ ಕುಳಿತರೆ ಅದರ ಅಡಿಯಲ್ಲಿ ಅಳಿಯುವ ಜೀವಗಳ ಹೊಣೆ ಅವನ ಮೇಲೆಯೇ ಉಳಿಯುತ್ತದೆ. ಇದು ಮನುಷ್ಯನು ತನ್ನ ಅಜ್ಞಾನಕ್ಕೆ ತೆರುವ ಋಣ. ಋಣ ತೀರಿಸುವವನು ಹೆಮ್ಮೆಪಡುವುದಿಲ್ಲ. ಇನ್ನೊಮ್ಮೆ ಸಾಲಕ್ಕೆ ಬೀಳಬಾರದೆಂದು ಎಚ್ಚರಗೊಳ್ಳುತ್ತಾನೆ. ದಯೆಗೆ ವಿವೇಕವು ಜೊತೆಯಾಗದಿದ್ದರೆ ಅದು ಎಂಥ ಹಿಂಸೆಗೆ ದಾರಿಯಾಗಬಲ್ಲದೆಂಬುದನ್ನು ಆ ಬಂಡೆಗಳ ಮೇಲಿನ ಉಳಿಯ ಗುರುತುಗಳು ಹೇಳುತ್ತವೆ.

ಜೋಧಪುರದ ಸಮೀಪದ ಖೇಜಡಲಿ ಗ್ರಾಮದ ವೃತ್ತಾಂತವನ್ನು ವಾಚಕರು ಕೇಳಿರಬಹುದು. 1730ರಲ್ಲಿ ಮಹಾರಾಜ ಅಭಯಸಿಂಹನ ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ, ರಾಜಭಟರು ಖೇಜಡಿ ಮರಗಳನ್ನು ಕಡಿಯಬಂದರು. ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ ಆ ಖೇಜಡಿ. ಅಮೃತಾದೇವಿ ಮರವನ್ನು ತಬ್ಬಿ ನಿಂತಳು. ಅವಳೊಡನೆ 363 ಮಂದಿ ಬಿಷ್ಣೋಯಿಗಳು ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಅದೇ ಅಭಯಸಿಂಹನ ರಾಣಿ 1740ರ ದಶಕದಲ್ಲಿ ನಗರದ ಜನರಿಗಾಗಿ ಮೆಟ್ಟಿಲುಬಾವಿಯೊಂದನ್ನು ಕಟ್ಟಿಸಿದಳು. ಅದು ತೂರ್‌ಜಿ ಕಾ ಝಾಲರಾ. ಮರಕ್ಕಾಗಿ ಜನರ ತಲೆಗಳು ಉರುಳಿದ್ದು ಆ ಅರಮನೆಯ ಕಟ್ಟಡದ ನಿಮಿತ್ತ. ಬಾಯಾರಿದವರಿಗೆ ನೀರು ದೊರೆತದ್ದೂ ಆ ಅರಮನೆಯಿಂದಲೇ. ಒಂದೇ ಮನೆತನದಲ್ಲಿ, ಒಂದೇ ಆಳ್ವಿಕೆಯಲ್ಲಿ, ಎರಡೂ ನಡೆದವು. ಇದನ್ನು ನೋಡಿದಾಗ, ಹಿಂಸೆ ಮತ್ತು ದಯೆಗಳು ಬೇರೆ ಬೇರೆ ಕುಲದ ಜನರಲ್ಲಿ ಹಂಚಿಹೋಗಿವೆ ಎಂದು ಭಾವಿಸಲಾಗದು. ಅವು ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಕೈಯಲ್ಲಿ, ವಾಸಿಸುತ್ತವೆ.

ಹಾಗಿರುವಾಗ, ಕೆಲವೇ ಗಳಿಗೆ ಇದ್ದು ಹೋಗುವ ಪ್ರವಾಸಿಯ ಕರ್ತವ್ಯವೇನು? ಉದ್ಯಾನಕ್ಕೆ ಹೋಗಬಾರದೆಂದಲ್ಲ. ಹೋಗಬೇಕು, ನೆರಳಿನಲ್ಲಿ ಕೂಡಬೇಕು, ಕೂಡಿಸಿದವರನ್ನು ನೆನೆಯಬೇಕು. ಹೂವನ್ನು ನೋಡುವ ಕಣ್ಣು ಅದರ ಬುಡದ ಪಾತಿಯನ್ನೂ ನೋಡಬೇಕು. ಅಲ್ಲಿ ಎಚ್ಚೆತ್ತ ವಿಚಾರವು ಊರಿಗೆ ಮರಳಿದ ಮೇಲೆ, ನೀರಿನ ಸಮೃದ್ಧಿಯ ನಡುವೆಯೂ, ಉಳಿಯಬೇಕು. ಮಳೆ ಹೆಚ್ಚಿದ ನಾಡಿನಲ್ಲಿ ಅಜಾಗರೂಕತೆಯ ದೋಷ ಕಡಿಮೆಯಾಗುವುದಿಲ್ಲ. ಅದು ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ, ಅಷ್ಟೆ.

ಮಂಡೋರದ ಶಿಲ್ಪಗಳಲ್ಲಿ ಯಾವುದನ್ನು ಅಂದು ಅಷ್ಟು ಹೊಗಳಿದೆನೆಂಬುದು ನನಗೀಗ ನೆನಪಿಲ್ಲ. ನೀರನ್ನು ಮರದ ಬುಡಕ್ಕೆ ತಳ್ಳಿದ ಆ ಪೊರಕೆಯ ಸದ್ದು ಮಾತ್ರ, ಮನೆಯಲ್ಲಿ ನಲ್ಲಿಯನ್ನು ತಿರುಗಿಸುವಾಗಲೆಲ್ಲ, ಕಿವಿಯಲ್ಲಿ ಕೇಳಿಸುತ್ತದೆ.