ಓದದೆ ಓದಿದವರು

ಮೊದಲ ವರ್ಷದ ವಿದ್ಯಾರ್ಥಿ ಓದಿಬರಬೇಕಾದ ಪುಟಗಳನ್ನು ಬಿಟ್ಟು, ಗೈಡಿನ ಸಾರಾಂಶ ನೋಡಿ ತರಗತಿಯಲ್ಲಿ ಮಾತಾಡಿದರೆ ಅದು ಮೋಸವೇ? ಈಗಂತೂ ಫೋನೇ ಸಾರಾಂಶ ಬರೆದುಕೊಡುತ್ತದೆ.

ಪ್ಲೇಟೋನ ‘ರಿಪಬ್ಲಿಕ್’ 10 ಭಾಗಗಳ ಗ್ರಂಥ. ಎರಡನೆಯದರಲ್ಲಿ ಗ್ಲಾಕನ್, ಲಿಡಿಯಾದ ಕುರಿಗಾಹಿಯೊಬ್ಬನಿಗೆ ಸಿಕ್ಕ ಉಂಗುರದ ಕಥೆ ಹೇಳುತ್ತಾನೆ. ಹರಳನ್ನು ಒಳಕ್ಕೆ ತಿರುಗಿಸಿದರೆ ತೊಟ್ಟವನು ಮಾಯ. ಯಾರೂ ಕಾಣದಿದ್ದರೆ ಮನುಷ್ಯ ನ್ಯಾಯವಾಗಿ ನಡೆದಾನೆಯೇ? ಸಾಕ್ರೆಟೀಸ್ ಥಟ್ಟನೆ ಉತ್ತರಿಸುವುದಿಲ್ಲ. ಮೊದಲು ಮಾತಿನಲ್ಲೇ ಒಂದು ನಗರ ಕಟ್ಟಿ, ಅಲ್ಲಿ ನ್ಯಾಯವನ್ನು ಹುಡುಕುತ್ತಾನೆ. ಗೈಡಿನಲ್ಲಿ ಉತ್ತರವಿರುತ್ತದೆ, ಹುಡುಕಾಟವಿರುವುದಿಲ್ಲ.

ನಾನು ಬಿ.ಎಸ್ಸಿ. ಓದಿದವನು. ಅಲ್ಲಿ ಒಂದು ಮೆಟ್ಟಿಲು ಹಾರಿಸಿದರೆ ಮುಂದಿನ ಲೆಕ್ಕವೇ ಹಿಡಿದುಕೊಡುತ್ತದೆ. ಇಲ್ಲಿ ಹಿಡಿಯುವವರಿಲ್ಲ, ಉಂಗುರ ಬೆರಳಲ್ಲೇ ಇದೆ!

ಬಸ್ಸು ಬದಲಾಯಿಸಿ ಬರುವ ಹುಡುಗಿ ಎಲ್ಲವನ್ನೂ ಓದಲಾರಳು, ನಿಜ. “ಸಾರ್, 10 ಪುಟವಷ್ಟೇ ಆಯಿತು” ಎನ್ನಬಹುದಲ್ಲ? ಹಾಗೆಂದವಳನ್ನು ಗದರುವ ಮೇಷ್ಟರಿಗೂ ಈ ಮೋಸದಲ್ಲಿ ಪಾಲುಂಟು.