ಖಾಲಿ ಅಂತ ಬರೆದವರು ಯಾರು?

ನಮ್ಮೂರು ಬುಕ್ಕಾಂಬುಧಿ, ಅಜ್ಜಂಪುರದ ಹತ್ತಿರ. ‘ಅಂಬುಧಿ’ ಅಂದರೆ ಸಮುದ್ರ ಅಂತ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ಈರುಳ್ಳಿ, ಆಲೂಗಡ್ಡೆ ಬೆಳೆಯೋ ಸೀಮೆಗೆ ಸಮುದ್ರ ಎಲ್ಲಿಂದ ಬರಬೇಕು? ಹಿಂದಿನವರು ದೊಡ್ಡ ಕೆರೆಗಳನ್ನೇ ಸಮುದ್ರ, ಸಾಗರ, ಅಂಬುಧಿ ಅಂತ ಕರೀತಿದ್ದರು ಅನ್ನೋದು ಆಮೇಲೆ ತಿಳೀತು.

ಈಗ ಬೆಂಗಳೂರಲ್ಲಿ ನನ್ನ ಕೆಲಸ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋದು. ಒಂದು ಪ್ರಾಜೆಕ್ಟಿನಲ್ಲಿ ಕರಾವಳಿಯ ಸಮುದ್ರಕ್ಕೆ ಬಣ್ಣ ಹಚ್ಚುವ ಕೆಲಸ ಬಂತು. ಹಡಗಿನ ದಾರಿಗೆ ಕೆಂಪು, ಬಂದರಿಗೆ ಬೂದು, ರಕ್ಷಿತ ಪ್ರದೇಶಕ್ಕೆ ಹಸಿರು. ದಾಖಲೆ ಇಲ್ಲದ ಜಾಗಕ್ಕೆಲ್ಲ ತಿಳಿನೀಲಿ, ಪಕ್ಕದಲ್ಲಿ ವಿವರಣೆ: ‘ಖಾಲಿ’. ಪಕ್ಕದ ಸೀಟಿನ ಹೊನ್ನಾವರ ಕಡೆಯ ಗೆಳೆಯ ಬಗ್ಗಿ ನೋಡಿ, “ಇದು ಖಾಲಿಯಾ? ನಮ್ಮಪ್ಪ ಬಲೆ ಬಿಡೋದು ಇಲ್ಲೇ ಮಾರಾಯ” ಅಂದ. ಅವತ್ತಿಂದ ಆ ಪದ ನನ್ನನ್ನ ಬಿಟ್ಟಿಲ್ಲ.

ಸಮುದ್ರಕ್ಕೆ ಯೋಜನೆ ಬೇಡ ಅಂತ ನಾನು ಹೇಳೋದಿಲ್ಲ. ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿ, ಅದರಾಚೆ 200 ಮೈಲಿವರೆಗೆ ಕೇಂದ್ರದ ಕೈಯಲ್ಲಿ. ಬಂಗುಡೆಗೆ ಈ ಗಡಿ ಗೊತ್ತಿಲ್ಲ. ಅದೇ ನೀರಿನಲ್ಲಿ ಹಡಗು, ನೌಕಾಪಡೆ, ದೋಣಿ, ಆಮೆ, ಪ್ರವಾಸಿ ಎಲ್ಲರೂ ಇರಬೇಕು. ಅದಕ್ಕೇ 2019ರಲ್ಲಿ ಭಾರತ ನಾರ್ವೆ ಜೊತೆ ಒಪ್ಪಂದ ಮಾಡಿಕೊಂಡು, ಪುದುಚೇರಿ ಮತ್ತು ಲಕ್ಷದ್ವೀಪದಲ್ಲಿ ಇಂಥ ಯೋಜನೆಯ ಪ್ರಯೋಗ ಶುರು ಮಾಡಿತು.

ಯೋಜನೆ ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನೂ ನಮ್ಮ ಕರಾವಳಿ ನೋಡಿದೆ. ಹತ್ತಾರು ಜನ ದಡದಲ್ಲಿ ನಿಂತು ಒಟ್ಟಿಗೆ ಎಳೆಯುತ್ತಿದ್ದ ರಂಪಣಿ ಬಲೆಗೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಎದುರಾದವು. ಮೀನು ದಡಕ್ಕೆ ಬರೋ ಮೊದಲೇ ಎಂಜಿನ್ ಇದ್ದವರ ಪಾಲಾಯಿತು. ಜಗಳಗಳಾದವು. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದಿದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿ ಸೊರಗಿತ್ತು. ಯಾರೂ ಗೆರೆ ಎಳೆಯದಿದ್ದಾಗ ಬಲವಿದ್ದವನು ಎಳೆದದ್ದೇ ಗೆರೆ.

ಹಾಗಾದರೆ ಪ್ರಶ್ನೆ ಗೆರೆ ಬೇಕಾ ಬೇಡವಾ ಅನ್ನೋದಲ್ಲ. ಕಳೆದುಕೊಳ್ಳುವವರು ಲೆಕ್ಕಕ್ಕೆ ಬಂದ ಮೇಲೆ ಗೆರೆ ಎಳೆದರಾ, ಮೊದಲೇ ಎಳೆದರಾ ಅನ್ನೋದು. ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ಹಲವು ಊರಿನವರು ಕಡಲತೀರ ಬಿಟ್ಟರು. ದೇಶಕ್ಕೆ ನೌಕಾನೆಲೆ ಬೇಕು, ಒಪ್ಪೋಣ. ಮನೆಗೆ, ಜಮೀನಿಗೆ ಬೆಲೆ ಕಟ್ಟಬಹುದು. ಆದರೆ ಮೂರು ತಲೆಮಾರು ಬಲೆ ಬಿಟ್ಟ ನೀರಿಗೆ ಪಹಣಿ ಎಲ್ಲಿದೆ? ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿಗೆ ಮೀನುಗಾರರು ವರ್ಷಗಳಿಂದ ವಿರೋಧ ಮಾಡ್ತಿದ್ದಾರೆ. ಮೇಲಿಂದ ತೆಗೆದ ಫೋಟೋದಲ್ಲಿ ಅಲ್ಲಿ ಕಾಣೋದು ಬರೀ ಮರಳು. ಹೆಂಗಸರು ಮೀನು ಒಣಗಿಸೋದು ಅದೇ ಮರಳಿನ ಮೇಲೆ, ಆಮೆ ಮೊಟ್ಟೆ ಇಡೋದೂ ಅಲ್ಲೇ.

ನಮ್ಮ ಕಡೆ ಕೆರೆಯ ನೀರಿಗೆ ನೀರುಗಂಟಿ ಇರ್ತಿದ್ದ. ನೀರು ಕಮ್ಮಿಯಾದ ವರ್ಷ ಎಲ್ಲರೂ ತಮ್ಮ ತಮ್ಮ ಬೆಳೆಯ ಪಾಲು ಇಳಿಸಿಕೊಳ್ಳೋ ಪದ್ಧತಿ ಹಲವೆಡೆ ಇತ್ತು. ಅದೇನು ಸ್ವರ್ಗ ಆಗಿರಲಿಲ್ಲ. ಜಮೀನಿಲ್ಲದವನ ಮಾತು ಕೆರೆ ಏರಿಯ ಮೇಲೂ ನಡೀತಿರಲಿಲ್ಲ. ಆದರೂ ತೂಬಿನ ಹತ್ತಿರ ನೀರು ಪಡೆದವನೂ ಕಳೆದುಕೊಂಡವನೂ ಒಬ್ಬರ ಮುಖ ಒಬ್ಬರು ನೋಡಬೇಕಿತ್ತು. ನಾನು ಯಾರ ಮುಖ ನೋಡಿ ಬಣ್ಣ ಹಚ್ಚಿದೆ? ಬಂಗುಡೆ ಫ್ರೈ ತಿನ್ನೋನೂ ನಾನೇ, ಬಂದರಿಗೆ ಇಳಿದ ಪೆಟ್ರೋಲು ಸುಡೋನೂ ನಾನೇ. ಆ ನೀರಿನ ಲಾಭದಲ್ಲಿ ನನಗೆ ಪಾಲಿದೆ. ನಷ್ಟ ಮಾತ್ರ ಗೆಳೆಯನ ಅಪ್ಪನಿಗೆ.

‘ಖಾಲಿ’ ಅಳಿಸಿ ‘ಮಾಹಿತಿ ಸಂಗ್ರಹಿಸಿಲ್ಲ’ ಅಂತ ಬರೆದೆ. ಎರಡಕ್ಕೂ ಏನು ವ್ಯತ್ಯಾಸ ಅಂತ ಮ್ಯಾನೇಜರ್ ಕೇಳಿದರು. ಖಾಲಿ ಅಂದರೆ ಯಾರನ್ನೂ ಕೇಳಬೇಕಿಲ್ಲ; ಮಾಹಿತಿ ಇಲ್ಲ ಅಂದರೆ ಯಾರಾದರೂ ಹೋಗಿ ಕೇಳಲೇಬೇಕು, ಅಂದೆ. “ಕೇಳೋಕೆ ಬಜೆಟ್ ಇಲ್ಲ” ಅಂದರು. ಕೊನೆಗೆ ಹೋದ ಫೈಲಿನಲ್ಲಿ ‘ಖಾಲಿ’ಯೇ ಇತ್ತು. ನಾನು ಇನ್ನೊಂದು ಮಾತು ಆಡಲಿಲ್ಲ, ತಿಂಗಳ ಐದನೇ ತಾರೀಖು ಇಎಂಐ ಇತ್ತು.

ಗೆಳೆಯನಿಗೆ ಇದನ್ನ ಹೇಳಿದೆ. ಬೈಯಲಿಲ್ಲ ಅವನು. “ಒಂದ್ಸಲ ಊರಿಗೆ ಬಾ, ಅಪ್ಪ ದೋಣೀಲಿ ಕರ್ಕೊಂಡು ಹೋಗ್ತಾರೆ” ಅಂದ, ಅಷ್ಟೇ. ಜೂನ್, ಜುಲೈ ಕಳೆದು ಕಡಲು ಶಾಂತವಾದ ಮೇಲೆ ಹೋಗಬೇಕು. ಆ ನಕ್ಷೆಯ ಪ್ರಿಂಟ್ ಒಂದು ನನ್ನ ಹತ್ತಿರ ಇದೆ, ಪೆನ್ನೂ ತಗೊಂಡು ಹೋಗ್ತೀನಿ.