ಕೊಂಡದ್ದು ನಮ್ಮದೇ?

ಹೊಸಮನೆಯ ನಮ್ಮ ಮನೆ ಕಪಾಟಿನಲ್ಲಿ ಕಂಪ್ಯೂಟರ್ ಗೇಮ್‌ಗಳ ನಾಲ್ಕೈದು ಡಿವಿಡಿ ಡಬ್ಬಿಗಳು ಇನ್ನೂ ಉಳಿದಿವೆ. ಮೊನ್ನೆ ದೂಳು ಒರೆಸುವಾಗ ತಂಗಿಯ ಮಗ ಒಂದನ್ನು ಎತ್ತಿಕೊಂಡು, "ಮಾವ, ಇದನ್ನ ಎಲ್ಲಿ ಹಾಕೋದು?" ಅಂದ. ಅವನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಆ ಡಬ್ಬಿಗಳು ಸುಮ್ಮನೆ ಬಂದವಲ್ಲ. ಬೆಂಗಳೂರಿಗೆ ಹೋಗುವವರ ಕೈಗೆ ದುಡ್ಡು ಕೊಟ್ಟು, ಎಸ್.ಪಿ. ರಸ್ತೆಯಲ್ಲಿ ಹುಡುಕಿ ತನ್ನಿ ಎಂದು ಬೇಡಿಕೊಳ್ಳುತ್ತಿದ್ದೆ. ಬಂದ ಮೇಲೆ ಅದು ನಮ್ಮ ರಸ್ತೆಯ ಹುಡುಗರೆಲ್ಲರದು. ಒಬ್ಬ ಆಡಿ ಮುಗಿಸಿದರೆ ಇನ್ನೊಬ್ಬನ ಮನೆಗೆ. ಭದ್ರಾವತಿಯ ಗೆಳೆಯನಿಗೆ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದದ್ದುಂಟು. ಗೀರು ಬಿದ್ದು ವಾಪಸು ಬಂದಾಗ ಅತ್ತದ್ದೂ ಉಂಟು.

ಈಗ ಡಿಸ್ಕಿಲ್ಲದೆ, ಇಂಟರ್ನೆಟ್ಟಿನಲ್ಲೇ ಗೇಮ್ ಮಾರುವ ಸ್ಟೀಮ್ ಎಂಬ ಸೇವೆಯನ್ನು ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಶುರು ಮಾಡಿತು. 2015ರಲ್ಲಿ ಅದು ನಮ್ಮ ರೂಪಾಯಿಯಲ್ಲೇ ಬೆಲೆ ತೋರಿಸತೊಡಗಿತು. ಅದೇ ವರ್ಷ ಕಂಪ್ಯೂಟರಿಗೆ ಬಂದ ಜಿಟಿಎ 5 ಎಂಬ ಗೇಮಿನ ಡಬ್ಬಿಯೊಳಗೆ 7 ಡಿವಿಡಿ ಇದ್ದವು. ಡಿಸ್ಕಿನ ಕಾಲ ಮುಗಿಯಿತೆಂದು ಅದೇ ಹೇಳುತ್ತಿತ್ತು. ಇಂದು ಬೆಂಗಳೂರಿನ ಹುಡುಗನಿಗೆ ಸಿಕ್ಕ ಗಳಿಗೆಯಲ್ಲೇ ಹೊಸಮನೆಯ ಹುಡುಗನಿಗೂ ಹೊಸ ಗೇಮ್ ಸಿಗುತ್ತದೆ. ಹಿಡಿಸದಿದ್ದರೆ, ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ಹಣ ವಾಪಸು ಕೊಡುತ್ತದೆ. ಒಡೆದ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡ ಅಂಗಡಿಯನ್ನು ನಾನು ಕಂಡಿಲ್ಲ. ಸಣ್ಣ ಊರಿನವರಿಗೆ ಇದು ದೊಡ್ಡ ನ್ಯಾಯ.

ಆದರೆ ಸ್ಟೀಮ್‌ನಲ್ಲಿ ನಾವು ಕೊಳ್ಳುವುದು ಗೇಮನ್ನಲ್ಲ, ಆಡುವ ಪರವಾನಗಿಯನ್ನು. ಖಾತೆಯನ್ನು ಇನ್ನೊಬ್ಬರಿಗೆ ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆದಿಡುವಂತೆಯೂ ಇಲ್ಲ. ಹಾಗೆಂದು ಡಬ್ಬಿ ಇದ್ದವರೆಲ್ಲ ಬಚಾವಾದರೆಂದೂ ಅಲ್ಲ. ಯೂಬಿಸಾಫ್ಟ್ ಕಂಪನಿಯ 'ದ ಕ್ರೂ' ಎಂಬ ಕಾರಿನ ಗೇಮ್ ಅಂಗಡಿಯಲ್ಲೂ ಡಿಸ್ಕಾಗಿ ಮಾರಾಟವಾಗಿತ್ತು. 2024ರ ಮಾರ್ಚ್ 31ಕ್ಕೆ, ಅದು ಓಡಲು ಬೇಕಿದ್ದ ಕಂಪನಿಯ ಸರ್ವರ್ ನಿಂತಿತು. ದುಡ್ಡು ಕೊಟ್ಟು ತಂದ ಡಿಸ್ಕು ಮನೆಯಲ್ಲೇ ಉಳಿಯಿತು, ಗೇಮ್ ಮಾತ್ರ ತೆರೆಯದಾಯಿತು.

ಹಾಗಾಗಿ ಡಿಸ್ಕೋ ಡೌನ್‌ಲೋಡೋ ಎಂಬುದಕ್ಕಿಂತ, ಮಾರಿದವನ ಅಪ್ಪಣೆ ಇಲ್ಲದೆ ನಾಳೆಯೂ ಇದು ಓಡುತ್ತದೆಯೇ ಎಂದು ಕೇಳಬೇಕು. ಜಿಒಜಿ ಎಂಬ ಆನ್‌ಲೈನ್ ಅಂಗಡಿ ಇನ್‌ಸ್ಟಾಲ್ ಮಾಡುವ ಫೈಲನ್ನೇ ಕೈಗೆ ಕೊಡುತ್ತದೆ. ಅದನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ, ಇಂಟರ್ನೆಟ್ ಇಲ್ಲದೆಯೂ ಹಾಕಿ ಆಡಬಹುದು. ಹಾಗೆ ಕೈಗೆ ಕೊಡದೆ ಬರಿಯ ಪರವಾನಗಿ ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದ ಬಳಸಬಾರದೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿದೆ. 2025ರ ಜನವರಿ 1ರಿಂದ ಅದು ಜಾರಿಯಲ್ಲಿದೆ.

ನಮ್ಮ ಗ್ರಾಹಕ ಕಾನೂನಿಗೂ ಇಂಥದೊಂದು ನಿಯಮ ಸೇರಬೇಕು. ಅಲ್ಲಿಯವರೆಗೆ, ಮಕ್ಕಳು ಗೇಮಿಗೆಂದು ದುಡ್ಡು ಕೇಳಿದಾಗ, ಕೊಡುವ ಮುಂಚೆ ಅವರ ಜೊತೆ ಕೂತು ಆ ಪರವಾನಗಿಯ ಷರತ್ತನ್ನು ಒಮ್ಮೆ ಓದಿ.